ನಾಯಿಗೆ ಹಣ್ಣು: ಎಷ್ಟು, ಹೇಗೆ, ಯಾವುದು ಬೇಡವೇ ಬೇಡ? (ನಮ್ಮ ಕರಾವಳಿಯ ಹಣ್ಣುಗಳ ಲೆಕ್ಕ)

ಬಿಜೈ_ಅಂಗಳ:
ಮಾವು, ಹಲಸು ಎರಡೂ ಶುರುವಾಗುವ ಹೊತ್ತು. ಮನೆಯವರು ತಿನ್ನುವಾಗ ನಾಯಿ ಎದುರು ಬಂದು ಕೂತರೆ ಯಾರಾದರೊಬ್ಬರು ಒಂದು ಸೊಳೆ ಹಾಕಿಯೇ ಹಾಕ್ತಾರೆ. ಅದಕ್ಕೊಂದು ಸರಿಯಾದ ಲೆಕ್ಕ ಬೇಕು. 10 ಕೆಜಿಯ ನಾಡನಾಯಿಗೆ ವಾರಕ್ಕೆ ಎಷ್ಟು ಸರ್ತಿ, ಎಷ್ಟು ಗ್ರಾಂ ಕೊಡಬಹುದು? ಹಲಸಿನ ಬೇಳೆ (ಬೀಜ) ಬೇಯಿಸಿ ಕೊಡಬಹುದಾ? ಗೇರುಹಣ್ಣು ಆಗ್ತದಾ? ಸೇಬು, ಬ್ಲೂಬೆರಿ ಬಗ್ಗೆ ಎಲ್ಲಿ ನೋಡಿದ್ರೂ ಉಂಟು, ನಮ್ಮ ಪೇರಳೆ, ದಾರೆಹುಳಿ (ಸ್ಟಾರ್ ಫ್ರೂಟ್), ಬಿಂಬುಳಿ ಬಗ್ಗೆ ಹೇಳುವವರು ಕಡಿಮೆ.

ಪಶುವೈದ್ಯೆ_ಉಡುಪಿ:
ಮೊದಲು ಲೆಕ್ಕ ಮಾಡುವ, ಹಣ್ಣು ಆಮೇಲೆ.

ನಾಯಿಗೆ ಹಣ್ಣು ಬೇಕೇ ಬೇಕು ಅಂತ ಇಲ್ಲ. ವಿಟಮಿನ್ ಸಿ ಅದರ ಯಕೃತ್ತಿನಲ್ಲೇ ತಯಾರಾಗ್ತದೆ. ಹಾಗಾಗಿ ಹಣ್ಣು ಅದಕ್ಕೆ ಬಾಯಿರುಚಿಯ ತಿಂಡಿ. ಇಂಥ ತಿಂಡಿಗಳೆಲ್ಲ ಸೇರಿ ದಿನದ ಕ್ಯಾಲೊರಿಯ ಶೇ. 10 ದಾಟಬಾರದು. ಬಿಸ್ಕತ್ತು, ಚಪಾತಿ ತುಂಡು, ಮೀನಿನ ತಲೆ, ಎಲ್ಲವೂ ಆ ಹತ್ತರ ಒಳಗೇ ಬರಬೇಕು.

ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ನಾಯಿಯ ತೂಕವನ್ನು ಅದರಿಂದಲೇ ಗುಣಿಸಿ, ಇನ್ನೊಮ್ಮೆ ಗುಣಿಸಿ: 10×10×10 = 1000. ವರ್ಗಮೂಲದ ಗುಂಡಿ ಎರಡು ಸಲ ಒತ್ತಿ: ಮೊದಲು 31.6, ಮತ್ತೆ 5.62. ಅದನ್ನು 70ರಿಂದ ಗುಣಿಸಿದರೆ 394. ಸುಮ್ಮನೆ ಮಲಗಿದ್ದರೂ ಆ ನಾಯಿಯ ದೇಹಕ್ಕೆ ದಿನಕ್ಕೆ ಅಷ್ಟು ಕಿಲೊಕ್ಯಾಲೊರಿ ಬೇಕು. ಸಂತಾನಹರಣ ಆದ ವಯಸ್ಕ ನಾಯಿಗೆ ಅದರ 1.6 ಪಟ್ಟು, ಆಗದ್ದಕ್ಕೆ 1.8 ಪಟ್ಟು, ಮೆಟ್ಟಲಲ್ಲೇ ಬಿದ್ದುಕೊಂಡಿರುವ ದಪ್ಪ ನಾಯಿಗೆ 1.2ರಿಂದ 1.4 ಪಟ್ಟು. ಸಂತಾನಹರಣ ಆದ 10 ಕೆಜಿಯ ನಾಯಿಗೆ 630 ಆಯಿತು, ಅದರ ಶೇ. 10 ಅಂದ್ರೆ 63. ಅರ್ಧ ಬೇರೆ ತಿಂಡಿಗೆ ಹೋಗ್ತದೆ ಅಂತ ಇಟ್ಟುಕೊಳ್ಳಿ. ಹಣ್ಣಿಗೆ ಉಳಿಯುವುದು 30.

ಆ 30 ಕಿಲೊಕ್ಯಾಲೊರಿಗೆ ಕಲ್ಲಂಗಡಿಯಾದರೆ 100 ಗ್ರಾಂ, ಪಪ್ಪಾಯಿ 70, ಅನಾನಸು 60, ಮಾವು 50, ಚಿಕ್ಕು 35, ಬಾಳೆಹಣ್ಣು 33, ಹಲಸಿನ ಸೊಳೆ 30. ಎಲ್ಲವೂ ಸಿಪ್ಪೆ, ಬೀಜ ತೆಗೆದ ತೂಕ. ಇವುಗಳಲ್ಲಿ ಯಾವುದಾದರೂ ಒಂದು ಮಾತ್ರ, ವಾರಕ್ಕೆ ಎರಡು ಮೂರು ದಿನ. 5 ಕೆಜಿಯ ಸ್ಪಿಟ್ಜ್ ಆದ್ರೆ ಮಾವು 30 ಗ್ರಾಂ, 25 ಕೆಜಿಯ ಲ್ಯಾಬ್ರಡಾರ್ ಆದ್ರೆ 100. 10 ಕೆಜಿಯ ನಾಯಿಗೆ ಹೋಲಿಸಿದ್ರೆ ಲ್ಯಾಬ್ರಡಾರಿನ ತೂಕ ಎರಡೂವರೆ ಪಟ್ಟಾದ್ರೂ ಹಣ್ಣು ಹೆಚ್ಚಾಗುವುದು ಎರಡೇ ಪಟ್ಟು, ಗಮನಿಸಿ.

ಮಲ್ಪೆ_ಗಾಳಿ:
ಮೇಡಂ, ಲೆಕ್ಕ ಸರಿ. ಆದ್ರೆ ಅನ್ನ, ಮೀನಿನ ಸಾರು ಹಾಕುವ ಮನೆಯಲ್ಲಿ ಊಟದ ಕ್ಯಾಲೊರಿ ಯಾರಿಗೆ ಗೊತ್ತಿರ್ತದೆ?

ಪಶುವೈದ್ಯೆ_ಉಡುಪಿ:
ಗೊತ್ತಿರಬೇಕಾಗಿಲ್ಲ. ಈ ಲೆಕ್ಕ ನಿಂತಿರುವುದು ನಾಯಿಯ ತೂಕದ ಮೇಲೆ, ಬಟ್ಟಲಿನಲ್ಲಿ ಏನುಂಟು ಅನ್ನುವುದರ ಮೇಲಲ್ಲ. ತೂಕ ನೋಡ್ಲಿಕ್ಕೆ ನಾಯಿಯನ್ನು ಎತ್ತಿಕೊಂಡು ಸ್ನಾನದ ಕೋಣೆಯ ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಪಕ್ಕೆಲುಬನ್ನೂ ಮುಟ್ಟಿ ನೋಡಿ. ಬೆರಳನ್ನು ಹಗುರವಾಗಿ ಸವರಿದಾಗಲೇ ಎಲುಬು ಸಿಕ್ಕಿದರೆ ಸರಿ. ಒತ್ತಿ ಹುಡುಕಬೇಕಾದರೆ ನಾಯಿ ದಪ್ಪ ಆಗಿದೆ, ಮಾವು, ಹಲಸು, ಬಾಳೆ ಬಿಟ್ಟು ಕಲ್ಲಂಗಡಿ, ಸೌತೆಕಾಯಿ ಕೊಡಿ.

ಸಕ್ಕರೆ ಕಾಯಿಲೆ ಇರುವ ನಾಯಿ, ಮೇದೋಜೀರಕ ಗ್ರಂಥಿಯ ಉರಿಯೂತ ಒಮ್ಮೆ ಬಂದುಹೋದ ನಾಯಿ, ಮೂತ್ರಪಿಂಡದ ತೊಂದರೆ ಇರುವ ನಾಯಿ, ಈ ಮೂರಕ್ಕೆ ನಿಮ್ಮ ವೈದ್ಯರನ್ನು ಕೇಳದೆ ಯಾವ ಹಣ್ಣೂ ಬೇಡ. ಹೃದಯಕ್ಕೆ ಎನಾಲಾಪ್ರಿಲ್‌ನಂಥ ಮಾತ್ರೆ ತಗೊಳ್ಳುವ ನಾಯಿಗೆ ಬಾಳೆಹಣ್ಣು, ಬೊಂಡದ ನೀರು (ಎಳನೀರು) ಕೊಡುವ ಮೊದಲೂ ಕೇಳಿ. ಆ ಮಾತ್ರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿಸ್ತದೆ, ಇವೆರಡರಲ್ಲೂ ಪೊಟ್ಯಾಸಿಯಂ ಜಾಸ್ತಿ.

ಬ್ರಹ್ಮಾವರ_ತೋಟ:
ಮಾವಿನ ವಿಷಯಕ್ಕೆ ಬರುವ. ಇಲ್ಲಿ ಮುಂಡಪ್ಪ, ಬಾದಾಮಿ ಒಂದು ಬಗೆ, ಕಾಟು ಮಾವು ಇನ್ನೊಂದು ಬಗೆ. ನಾಯಿಯ ಮಟ್ಟಿಗೆ ಎರಡನ್ನೂ ಒಂದೇ ಅಂತ ತಿಳಿಯಬಾರದು.

ಮುಂಡಪ್ಪದ ಗೊರಟು ದೊಡ್ಡದು, ಹೆಚ್ಚಿನ ನಾಯಿಗಳಿಗೆ ನುಂಗ್ಲಿಕ್ಕೆ ಆಗುವುದಿಲ್ಲ, ನೆಕ್ಕಿ ಕಚ್ಚಿ ಬಿಡ್ತವೆ. ಕಾಟು ಮಾವಿನ ಗೊರಟು ಹಾಗಲ್ಲ. ಗಂಟಲಲ್ಲಿ ಇಳಿಯುವಷ್ಟು ಸಣ್ಣದು, ಸಣ್ಣ ಕರುಳಲ್ಲಿ ಸಿಕ್ಕಿಬೀಳುವಷ್ಟು ದೊಡ್ಡದು. ಮೇಲಿನಿಂದ ಸುತ್ತ ನಾರು. ಆ ನಾರು ಒದ್ದೆಯಾಗಿ ಕರುಳಿನ ಗೋಡೆಗೆ ಅಂಟಿಕೊಳ್ತದೆ. ಜೂನಿನ ಮೊದಲ ಮಳೆಗೆ ರಾತ್ರಿಯೆಲ್ಲ ಉದುರಿದ ಕಾಟು ಹಣ್ಣನ್ನು ಲ್ಯಾಬ್ರಡಾರ್, ಬೀಗಲ್ ಜಾತಿಯವು ಇಡೀ ಹಣ್ಣೇ ನುಂಗ್ತವೆ.

ಕೈಯಾರೆ ಕೊಡುವುದಾದರೆ ಹೀಗೆ ಮಾಡಿ. ತೊಟ್ಟು ಮುರಿದ ಹಣ್ಣನ್ನು ಅರ್ಧ ಗಂಟೆ ನೀರಲ್ಲಿ ತಲೆಕೆಳಗು ಇಡಿ, ಸೊನೆ ಇಳಿದುಹೋಗಲಿ. ಸಿಪ್ಪೆಯನ್ನು ತೆಳುವಾಗಿ ಹೆರೆಯಬೇಡಿ, ಸ್ವಲ್ಪ ದಪ್ಪಕ್ಕೇ ತೆಗೆಯಿರಿ. ಮನುಷ್ಯರ ತುಟಿ ಸುಡುವ ಸೊನೆಯೇ ನಾಯಿಯ ತುಟಿ, ಗಲ್ಲಕ್ಕೂ ತುರಿಕೆ ತರ್ತದೆ. ಎರಡು ಕಡೆಯ ಕೆನ್ನೆ ಮಾತ್ರ ಕೊಯ್ದು, ಸಣ್ಣ ನಾಯಿಗೆ 1 ಸೆಂಟಿಮೀಟರ್, ದೊಡ್ಡದಕ್ಕೆ 2 ಸೆಂಟಿಮೀಟರ್ ತುಂಡು ಮಾಡಿ. ಗೊರಟಿಗೆ ಅಂಟಿದ ತಿರುಳನ್ನು ನೀವೇ ತಿನ್ನಿ. "ನೆಕ್ಕಲಿ ಪಾಪ" ಅಂತ ಗೊರಟು ಕೊಡುವ ಅಭ್ಯಾಸ ಮಾತ್ರ ಬಿಟ್ಟುಬಿಡಿ ಮಾರಾಯ್ರೆ.

ಉಪ್ಪಲ್ಲಿ ಹಾಕಿದ ಮಾವಿನ ಮಿಡಿ, ಹಲಸಿನ ಉಪ್ಪು ಸೊಳೆ, ಭರಣಿಯಿಂದ ತೆಗೆಯುವಾಗ ಕೆಳಗೆ ಬಿದ್ದದ್ದು ಕೂಡ ನಾಯಿಗೆ ಬೇಡ. ಅದು ಹಣ್ಣಲ್ಲ, ಉಪ್ಪು.

ಬಿಜೈ_ಅಂಗಳ:
ಗೊರಟು ನುಂಗಿದ್ದೇ ಆದ್ರೆ? ಮಲದಲ್ಲಿ ಬರ್ತದಾ ಅಂತ ಕಾಯುವುದಾ?

ಪಶುವೈದ್ಯೆ_ಉಡುಪಿ:
ಕಾಯಬೇಡಿ. ನುಂಗಿದ್ದು ಕಣ್ಣಾರೆ ಕಂಡಿದ್ದರೆ ಆ ಕೂಡಲೇ ಫೋನ್ ಮಾಡಿ. ಹೊಟ್ಟೆಯಲ್ಲಿ ಇರುವಾಗ ಎಂಡೋಸ್ಕೋಪಿಯಲ್ಲಿ ತೆಗೆಯುವ ಅವಕಾಶ ಇರ್ತದೆ, ಕರುಳಿಗೆ ಇಳಿದ ಮೇಲೆ ಹೊಟ್ಟೆ ಕೊಯ್ಯಬೇಕಾಗಬಹುದು. ಗೊರಟು ಹೊಟ್ಟೆಯಲ್ಲೇ ವಾರಗಟ್ಟಲೆ ಸುಮ್ಮನೆ ಕೂತು ಆಮೇಲೆ ಒಂದು ದಿನ ಕೆಳಗೆ ಜಾರುವುದೂ ಉಂಟು. ಹಾಗಾಗಿ ಎರಡು ದಿನ ಏನೂ ಆಗಲಿಲ್ಲ ಅಂತ ಮರೆತುಬಿಡಬೇಡಿ.

ಅಡ್ಡ ಸಿಕ್ಕಿದ್ದರ ಗುರುತು: ಕುಡಿದ ನೀರೂ ವಾಂತಿಯಾಗುವುದು, ಊಟ ಬಿಡುವುದು, ಮಲ ಬಾರದೆ ಇರುವುದು ಅಥವಾ ಬರೀ ಲೋಳೆ ಬರುವುದು, ಮುಂಗಾಲು ನೆಲಕ್ಕೆ ಊರಿ ಹಿಂಭಾಗ ಮೇಲೆತ್ತಿ ನಿಲ್ಲುವುದು. ಕೊನೆಯದು ಹೊಟ್ಟೆನೋವಿನ ಭಂಗಿ. ಎಕ್ಸ್‌ರೇಯಲ್ಲಿ ಗೊರಟು ಪ್ರತಿಸಲ ಸ್ಪಷ್ಟ ಕಾಣುವುದಿಲ್ಲ, ಸ್ಕ್ಯಾನಿಂಗ್ ಬೇಕಾಗಬಹುದು. ಅಂಥದ್ದೇ ಇನ್ನೊಂದು ಗೊರಟು ಮನೆಯಲ್ಲಿದ್ದರೆ ಆಸ್ಪತ್ರೆಗೆ ತಗೊಂಡು ಹೋಗಿ. ಅಳತೆ ನೋಡಿ ನಿರ್ಧಾರ ಮಾಡ್ಲಿಕ್ಕೆ ಅದು ಬಹಳ ಉಪಯೋಗ.

ಪುತ್ತೂರು_ಬಕ್ಕೆ:
ಹಲಸು. ನಾಯಿಗೆ ಬಕ್ಕೆ ವಾಸಿ, ತುಳುವ ಬೇಡ. ತುಳುವದ ಸೊಳೆ ಲೊಳಲೊಳ, ಬೇಳೆ ಸಮೇತ ಜಾರಿ ಗಂಟಲಿಗೆ ಇಳಿಯುತ್ತದೆ. ಬಕ್ಕೆಯ ಗಟ್ಟಿ ಸೊಳೆಯನ್ನು ಸೀಳಿ, ಬೇಳೆ ತೆಗೆದು, ಬೇಳೆಯ ಮೇಲಿನ ಜಿಗುಟು ಪೊರೆಯೂ ಉಳಿಯದ ಹಾಗೆ ನೋಡಿಕೊಂಡು, ಚೂರು ಮಾಡಿ ಕೊಡಬಹುದು. ಪಶುವೈದ್ಯೆಯವರು ಹೇಳಿದ 30 ಗ್ರಾಂ ಅಂದ್ರೆ ಹೆಚ್ಚುಕಡಿಮೆ ಒಂದೇ ಸೊಳೆ. 100 ಗ್ರಾಂ ಹಲಸಲ್ಲಿ 19 ಗ್ರಾಂನಷ್ಟು ಸಕ್ಕರೆ ಉಂಟು, ಮಾವಿನಲ್ಲಿ ಇರುವುದು 14. ಒಂದು ಸೊಳೆ ಅಂದ್ರೆ ಒಂದೇ.

ಬೇಳೆ ಬೇಯಿಸಿ ಕೊಡುವ ಪ್ರಶ್ನೆ ಕೇಳಿದ್ದಿರಿ. ಹಸಿ ಬೇಳೆಯಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಉಂಟು, ಬೇಯಿಸಿದರೆ ಅದು ಕಡಿಮೆಯಾಗ್ತದೆ. ಆದ್ರೆ ಇಡೀ ಬೇಳೆ ಬೇಯಿಸಿದ್ದೂ ಅಡ್ಡ ಸಿಕ್ಕುವ ವಸ್ತುವೇ. ಸಿಪ್ಪೆ ತೆಗೆದು ಹಿಟ್ಟಿನಂತೆ ಹಿಸುಕಿದ್ದು ಒಂದು ಚಮಚ ಹೋದರೆ ಪರವಾಗಿಲ್ಲ. ಅದರಿಂದ ವಾಯು ಆಗ್ತದೆ, ನಾಯಿಗೂ ಆಗ್ತದೆ. ನನ್ನ ಕೇಳಿದ್ರೆ ಆ ರಗಳೆಯೇ ಬೇಡ.

ರಚ್ಚೆ, ಮುಳ್ಳುಸಿಪ್ಪೆ ದನಕ್ಕೆ. ಮೂತಿಯ ಕೂದಲಿಗೆ ಮೇಣ ಅಂಟಿದರೆ ಸೀಮೆಎಣ್ಣೆ ಸ್ವಲ್ಪ ಹತ್ತಿಯಲ್ಲಿ ತಗೊಂಡು...

ಪಶುವೈದ್ಯೆ_ಉಡುಪಿ:
ಸೀಮೆಎಣ್ಣೆ ಖಂಡಿತ ಬೇಡ ಅಣ್ಣ, ಇಲ್ಲೇ ತಡೆಯುತ್ತೇನೆ. ಚರ್ಮ ಸುಡ್ತದೆ, ನಾಯಿ ಅದನ್ನು ನೆಕ್ತದೆ, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಬೆರಳಲ್ಲಿ ಉಜ್ಜಿ, ಹಳೆ ಬಟ್ಟೆಯಲ್ಲಿ ಒರೆಸಿ. ಕೂದಲು ಗಂಟಾಗಿದ್ದರೆ ಅಷ್ಟನ್ನು ಕತ್ತರಿಸಿ ತೆಗೆಯಿರಿ.

ಪುತ್ತೂರು_ಬಕ್ಕೆ:
ಒಪ್ಪಿದೆ ಮೇಡಂ. ತೆಂಗಿನೆಣ್ಣೆಯೇ ಸರಿ.

ಬೆಂದೂರು_ಕುಸ್ವಾರ್:
ಎಲ್ಲರೂ ಮಾವು, ಹಲಸು ಅಂತ ಹೇಳ್ತಾ ಇದ್ದಾರೆ. ನಿಜವಾಗಿ ಹೆದರಬೇಕಾದದ್ದು ದ್ರಾಕ್ಷಿಗೆ. ಹಸಿರು, ಕಪ್ಪು, ಬೀಜ ಇದ್ದದ್ದು, ಇಲ್ಲದ್ದು, ಒಣದ್ರಾಕ್ಷಿ, ಎಲ್ಲವೂ ಒಂದೇ. ನಾಯಿಯ ಮೂತ್ರಪಿಂಡ ಕೆಟ್ಟುಹೋಗ್ತದೆ. ವರದಿಯಾದ ಪ್ರಕರಣಗಳಲ್ಲಿ ಒಂದು ಕೆಜಿ ತೂಕಕ್ಕೆ ಸುಮಾರು 3 ಗ್ರಾಂ ಒಣದ್ರಾಕ್ಷಿಯೇ ಸಾಕಾದದ್ದುಂಟು. 5 ಕೆಜಿಯ ನಾಯಿಗೆ 15 ಗ್ರಾಂ, ಅಂದ್ರೆ ಒಂದು ಸಣ್ಣ ಮುಷ್ಟಿ.

ಮನೆಯಲ್ಲಿ ಅದು ಎಲ್ಲೆಲ್ಲಿ ಅಡಗಿದೆ ನೋಡಿ. ಕ್ರಿಸ್ಮಸ್ ಕುಸ್ವಾರಿನ (ಹಬ್ಬದ ತಿಂಡಿಗಳ) ಪ್ಲಮ್ ಕೇಕ್, ಅದಕ್ಕೆ ರಮ್ಮಿನಲ್ಲಿ ನೆನೆಸಿಟ್ಟ ಒಣಹಣ್ಣಿನ ಡಬ್ಬ, ಹಬ್ಬದ ಪಾಯಸ, ಕೇಸರಿಬಾತು, ಗಡ್‌ಬಡ್ ಐಸ್‌ಕ್ರೀಮಿನ ಗ್ಲಾಸಿನ ತಳ. ಬೇಯಿಸಿದರೆ, ತುಪ್ಪದಲ್ಲಿ ಹುರಿದರೆ ವಿಷ ಹೋಗುವುದಿಲ್ಲ. ರಮ್ಮಿನಲ್ಲಿ ನೆನೆಸಿದ್ದಾದರೆ ಮದ್ಯವೂ ಸೇರಿ ಎರಡು ಪಟ್ಟು ಕಷ್ಟ.

ಕಾಪು_ತೀರ:
ಆದ್ರೆ ನಾಯಿಗಳು ದ್ರಾಕ್ಷಿ ತಿಂದು ಏನೂ ಆಗದೆ ಇರುವುದೂ ಉಂಟಲ್ಲ? ಹಾಗಂತ ಹೇಳುವವರು ತುಂಬ ಜನ.

ಪಶುವೈದ್ಯೆ_ಉಡುಪಿ:
ಉಂಟು, ಅದು ಸುಳ್ಳಲ್ಲ. ಕಾರಣ ಈಗ ಸ್ವಲ್ಪ ಗೊತ್ತಾಗ್ತಾ ಬಂದಿದೆ. 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲವೇ ಇದರ ಮೂಲ ಇರಬಹುದು ಅಂತ ಮುಂದಿಟ್ಟರು. ದ್ರಾಕ್ಷಿಯಲ್ಲಿ ಆ ಆಮ್ಲದ ಪ್ರಮಾಣ ಜಾತಿಗೆ, ಹಣ್ಣಾದ ಹಂತಕ್ಕೆ, ಬೆಳೆದ ಜಾಗಕ್ಕೆ ತಕ್ಕಂತೆ ಬದಲಾಗ್ತದೆ. ಹಾಗಾಗಿ ಇವತ್ತಿನ ಗೊಂಚಲು ಏನೂ ಮಾಡದೆ ಇರಬಹುದು, ನಾಳೆಯದ್ದು ಮೂತ್ರಪಿಂಡ ತೆಗೆದುಬಿಡಬಹುದು. ಇಷ್ಟು ಕೊಟ್ಟರೆ ಅಪಾಯ ಇಲ್ಲ ಅನ್ನುವ ಅಳತೆಯೇ ಇದಕ್ಕಿಲ್ಲ.

ಇದರಲ್ಲಿ ನಮ್ಮ ಕಡೆಯವರು ಕಿವಿಗೊಡಬೇಕಾದ ಮಾತೊಂದುಂಟು. ಟಾರ್ಟಾರಿಕ್ ಆಮ್ಲ ಹೇರಳವಾಗಿ ಇರುವ ಇನ್ನೊಂದು ವಸ್ತು ಹುಣಸೆಹಣ್ಣು. ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ವರದಿಯೂ ಇದೆ. ಅಂಗಳದಲ್ಲಿ ಒಣಗಿಸಿದ ಹುಣಸೆ, ಉಪ್ಪು ಹಾಕಿ ಕಟ್ಟಿಟ್ಟ ಹುಳಿ ಉಂಡೆ, ಸಾರಿಗೆ ಕಿವುಚಿ ಬಿಸಾಡಿದ ಹುಳಿಯ ಚರಟ, ಇವು ನಾಯಿಗೆ ಎಟುಕಬಾರದು.

ದ್ರಾಕ್ಷಿ, ಒಣದ್ರಾಕ್ಷಿ, ಹುಣಸೆ ತಿಂದದ್ದು ಗೊತ್ತಾದರೆ ಕೂಡಲೇ ಹೊರಡಿ. ವಾಂತಿ ಹೆಚ್ಚಾಗಿ ಮೊದಲ 24 ಗಂಟೆಯೊಳಗೆ ಶುರು. ಮೂತ್ರಪಿಂಡ ಕೆಡುವುದು ಕಾಣಿಸುವುದು 24ರಿಂದ 72 ಗಂಟೆಯಲ್ಲಿ, ಆಗ ಮೂತ್ರ ಕಡಿಮೆಯಾಗ್ತದೆ ಅಥವಾ ನಿಂತೇ ಹೋಗ್ತದೆ. ಬೇಗ ತಂದರೆ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿ, ಎರಡು ದಿನ ಡ್ರಿಪ್ ಹಾಕಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ ಅಂತ ದಿನಾ ನೋಡ್ತೇವೆ. ಮೂತ್ರ ನಿಂತ ಮೇಲೆ ತಂದರೆ ಉಳಿಸುವುದು ಬಹಳ ಕಷ್ಟ.

ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸ್ಲಿಕ್ಕೆ ಹೋಗಬೇಡಿ. ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಹುಳಿನೀರಂತೂ ಬೇಡವೇ ಬೇಡ, ಈಗಷ್ಟೇ ಹೇಳಿದ ಕಾರಣಕ್ಕೆ. ಫೋನಿನಲ್ಲಿ ಹೇಳಬೇಕಾದದ್ದು ನಾಯಿಯ ತೂಕ, ತಿಂದದ್ದು ಏನು, ಎಷ್ಟು, ಎಷ್ಟು ಹೊತ್ತಾಯಿತು. ಉಳಿದದ್ದನ್ನು ದಾರಿಯಲ್ಲಿ ಹೇಳಬಹುದು.

ಕಾಪು_ತೀರ:
ಹುಣಸೆಯದ್ದು ಗೊತ್ತೇ ಇರಲಿಲ್ಲ. ಬಿಂಬುಳಿ, ದಾರೆಹುಳಿ?

ಪಶುವೈದ್ಯೆ_ಉಡುಪಿ:
ಎರಡೂ ಬೇಡ. ಅವುಗಳಲ್ಲಿ ಇರುವುದು ಆಕ್ಸಲೇಟ್. ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದ ಕೊಳವೆಯಲ್ಲಿ ಹರಳಾಗ್ತದೆ. ಬಿಂಬುಳಿ ಹುಳಿ ಅಂತ ನಾಯಿ ತಾನಾಗಿ ಮುಟ್ಟುವುದು ಕಡಿಮೆ. ಆದ್ರೆ ಹಣ್ಣಾದ ದಾರೆಹುಳಿ ಸಿಹಿ ಬರ್ತದೆ, ಅದು ಬಿದ್ದರೆ ಹೆಕ್ಕಿ ತೆಗೆಯಿರಿ.

ಕಾರ್ಕಳ_ಗೇರು:
ಗೇರುಹಣ್ಣು ಕೇಳಿದ್ರಿ. ಹಣ್ಣಲ್ಲಿ ವಿಷ ಇಲ್ಲ, ಗಂಟಲು ಹಿಡಿಯುವ ಒಗರು ಉಂಟು. ಅಪಾಯ ಇರುವುದು ಬುಡದ ಬೀಜದಲ್ಲಿ. ಹಸಿ ಬೀಜದ ಸಿಪ್ಪೆಯ ಎಣ್ಣೆ ಕೈಗೆ ತಾಗಿದ್ರೆ ಬೊಬ್ಬೆ ಬರ್ತದೆ ಅಂತ ಬೀಜ ಸುಲಿಯುವವರಿಗೆಲ್ಲ ಗೊತ್ತು. ನಾಯಿ ಅದನ್ನು ಕಚ್ಚಿದ್ರೆ ನಾಲಗೆ, ಒಸಡು ಸುಟ್ಟುಹೋಗ್ತದೆ. ಬೀಜ ತಿರುಚಿ ತೆಗೆದು, ಆ ತುದಿಯ ಒಂದು ಬೆರಳು ಅಗಲ ಕೊಯ್ದು ಬಿಸಾಡಿ, ಉಳಿದದ್ದರಲ್ಲಿ ಸಣ್ಣ ತುಂಡು ಕೊಡಬಹುದು. ಹೆಚ್ಚಿನ ನಾಯಿಗಳು ಒಗರಿಗೆ ಮೂತಿ ತಿರುಗಿಸ್ತವೆ, ಒತ್ತಾಯ ಬೇಡ.

ಅದಕ್ಕಿಂತ ದೊಡ್ಡ ವಿಷಯ ನೆಲಕ್ಕೆ ಬಿದ್ದದ್ದು. ಎಪ್ರಿಲ್, ಮೇಯ ಸೆಕೆಗೆ ಗೇರುಹಣ್ಣು, ಒಡೆದ ಹಲಸು ಒಂದೆರಡು ದಿನದಲ್ಲಿ ಹುಳಿಬಂದು ಒಳಗೇ ಮದ್ಯ ಆಗ್ತದೆ. ನಾಯಿ ಅದನ್ನು ತಿಂದರೆ ಹಿಂಗಾಲು ಓಲಾಡ್ತದೆ, ವಾಂತಿ, ತೂಕಡಿಕೆ, ಮೈ ತಣ್ಣಗಾಗುವುದು. ಮಜ್ಜಿಗೆ, ಕಾಫಿ ಅಂತ ಬಾಯಿಗೆ ಹೊಯ್ಯಬೇಡಿ, ಅಮಲಿನಲ್ಲಿ ಇರುವಾಗ ಅದು ಶ್ವಾಸಕ್ಕೆ ಹೋಗ್ತದೆ. ಗೋಣಿ ಅಥವಾ ಬಟ್ಟೆ ಹೊದೆಸಿ, ಪಕ್ಕಕ್ಕೆ ಮಲಗಿಸಿ ವೈದ್ಯರಲ್ಲಿಗೆ ಕರಕೊಂಡು ಹೋಗಿ. ಗೊಬ್ಬರದ ಗುಂಡಿಯ ಬೂಸ್ಟು ಹಿಡಿದ ಹಣ್ಣಿನದ್ದು ಬೇರೆಯೇ ಕಥೆ. ಕೆಲವು ಬೂಸ್ಟಿನ ವಿಷಕ್ಕೆ ಮೈಯೆಲ್ಲ ನಡುಕ ಬರ್ತದೆ, ಫಿಟ್ಸೂ ಬರಬಹುದು.

ನನ್ನ ಮಟ್ಟಿಗೆ ಈ ಚರ್ಚೆಯಲ್ಲಿ ಮುಖ್ಯ ಇದೇ. ಕೈಯಿಂದ ಕೊಡುವ ಒಂದು ತುಂಡಿಗೆ ನಾವು ಗ್ರಾಂ ಲೆಕ್ಕ ಹಾಕ್ತೇವೆ, ಅಂಗಳದಲ್ಲಿ ನಾಯಿ ಹತ್ತು ಹಣ್ಣು ತಿಂದದ್ದು ಕಾಣುವುದೇ ಇಲ್ಲ. ಮಾರ್ಚಿನಿಂದ ಜುಲೈ ತನಕ ಬೆಳಿಗ್ಗೆ ನಾಯಿ ಬಿಡುವ ಮೊದಲು ಮರದ ಬುಡ ಗುಡಿಸಿ. ಗೊಬ್ಬರದ ಗುಂಡಿಗೆ ಒಂದು ತಗಡಾದರೂ ಮುಚ್ಚಿ, ಮೇಲೆ ಕಲ್ಲು ಇಡಿ. ಬಾವಲಿ ಕಚ್ಚಿದ ಹಣ್ಣನ್ನು ಬರಿಗೈಯಲ್ಲಿ ಮುಟ್ಟದೆ ಹೂತುಹಾಕಿ. 2018ರಲ್ಲಿ ಪಕ್ಕದ ಕೇರಳದಲ್ಲಿ ನಿಪಾ ಬಂದ ಮೇಲೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಮೂಡಬಿದ್ರೆ_ಅಡಿಕೆ:
ಅಂಗಳ ಅಂದ ಮೇಲೆ ಅಡಿಕೆಯನ್ನೂ ಸೇರಿಸಿ. ಒಣಗ್ಲಿಕ್ಕೆ ಹಾಕಿದ ಅಡಿಕೆಯನ್ನು ಮರಿಗಳು ಹಲ್ಲು ತುರಿಸಿ ಜಗಿಯುತ್ತವೆ. ಅದರ ಅರೆಕೊಲಿನ್ ಅನ್ನುವ ಅಂಶದಿಂದ ಜೊಲ್ಲು ಸುರಿಯುವುದು, ವಾಂತಿ, ಭೇದಿ. ಹಿಂದೆ ನಾಯಿಯ ಲಾಡಿಹುಳಕ್ಕೆ ಇದೇ ಅಂಶವನ್ನು ಔಷಧ ಅಂತ ಕೊಡುತ್ತಿದ್ದರು. ಹಾಗೆಯೇ ಪಪ್ಪಾಯಿ ಬೀಜವೂ ಜಂತಿಗೆ ಒಳ್ಳೆಯದು ಅಂತಾರಲ್ಲ, ಹಣ್ಣಿನ ಜೊತೆ ಒಂದು ಚಮಚ ಕೊಟ್ಟರೆ ಆಗ್ತದಾ?

ಪಶುವೈದ್ಯೆ_ಉಡುಪಿ:
ಬೇಡ. ಪಪ್ಪಾಯಿ ಬೀಜದಲ್ಲಿ ಹೊಟ್ಟೆ ಉರಿಸುವ ಖಾರದ ಅಂಶ ಇದೆ, ಎಷ್ಟು ಕೊಟ್ಟರೆ ಜಂತು ಸತ್ತು ನಾಯಿಗೆ ತೊಂದರೆ ಆಗದು ಅಂತ ನಿಗದಿಯಾದ ಅಳತೆ ಇಲ್ಲ. ತೂಕಕ್ಕೆ ತಕ್ಕ ಜಂತಿನ ಮಾತ್ರೆ ಕಡಿಮೆ ದುಡ್ಡಿಗೆ ಸಿಗ್ತದೆ. ಪಪ್ಪಾಯಿಯನ್ನು ಪೂರ್ತಿ ಹಣ್ಣಾದದ್ದೇ ಕೊಡಿ, ಹಸಿರು ಕಾಯಿಯ ಹಾಲು ಬಾಯಿ ಕೆರೆಸುತ್ತದೆ.

ಉಳಿದ ಹಣ್ಣುಗಳನ್ನು ಬೇಗ ಮುಗಿಸುತ್ತೇನೆ. ಚಿಕ್ಕುವಿನ ಬೀಜದ ತುದಿಯಲ್ಲಿ ಕೊಕ್ಕೆ ಇದೆ, ಗಂಟಲಿಗೆ ಸಿಕ್ಕುತ್ತದೆ. ಬೆಳಕಿಗೆ ಹಿಡಿದು ಒಂದೊಂದೇ ತೆಗೆಯಿರಿ. ಪೇರಳೆಯ ನಡುವಿನ ಬೀಜದ ಭಾಗ ಬಿಟ್ಟು ಸುತ್ತಲಿನ ತಿರುಳು ಸಾಕು. ಸೇಬಿನ ಬೀಜ ಮತ್ತು ನಡುಭಾಗ ಬೇಡ. ಅನಾನಸಿನ ಕಣ್ಣು, ಗಟ್ಟಿ ದಿಂಡು ತೆಗೆದು ಕೊಡಿ. ಸೀತಾಫಲದ ಬೀಜ ವಿಷ, ತಿರುಳಿನಿಂದ ಬೀಜ ಬೇರೆ ಮಾಡುವ ಕಷ್ಟಕ್ಕೆ ಆ ಹಣ್ಣನ್ನೇ ಬಿಡಿ. ರಂಬುಟಾನ್, ನೇರಳೆ ಜಾರುವ ದುಂಡು ಹಣ್ಣು, ಇಡಿಯಾಗಿ ಎಸೆದರೆ ಉಸಿರುಗಟ್ಟಿಸಬಹುದು. ಬೆಣ್ಣೆಹಣ್ಣಿನಲ್ಲಿ ಕೊಬ್ಬು ಜಾಸ್ತಿ, ಬೀಜ ದೊಡ್ಡದು, ಬೇಡ. ಲಿಂಬೆ ಬೇಡ. ಬಾಳೆಹಣ್ಣಿನ ಸಿಪ್ಪೆ ವಿಷವಲ್ಲ, ಆದ್ರೆ ಕರಗುವುದಿಲ್ಲ. ನೇಂದ್ರ ಚಿಪ್ಸ್ ಎಣ್ಣೆ ಮತ್ತು ಉಪ್ಪು, ಅದನ್ನು ಹಣ್ಣಿನ ಲೆಕ್ಕಕ್ಕೆ ತರಬೇಡಿ. "ಶುಗರ್ ಫ್ರೀ" ಜ್ಯಾಮ್, ಜೆಲ್ಲಿಯ ಲೇಬಲ್ಲಿನಲ್ಲಿ ಕ್ಸೈಲಿಟಾಲ್ (ಸಕ್ಕರೆಯ ಬದಲಿಗೆ ಹಾಕುವ ಸಿಹಿ) ಅಥವಾ ಅದರ ಸಂಖ್ಯೆ 967 ಅಂತ ಕಂಡರೆ ಅದನ್ನು ನಾಯಿ ಇರುವ ಮನೆಯಲ್ಲಿ ಬೀರುವಿನೊಳಗೆ ಇಡಿ. ಕೆಜಿ ತೂಕಕ್ಕೆ 0.1 ಗ್ರಾಂ ಹೋದರೂ ರಕ್ತದ ಸಕ್ಕರೆ ಕುಸಿಯಬಹುದು.

ಮೊದಲ ಸಲ ಯಾವ ಹಣ್ಣಾದರೂ ಒಂದು ಚಮಚದಷ್ಟು ಮಾತ್ರ ಕೊಟ್ಟು, ಎರಡು ಮೂರು ದಿನ ಬೇರೆ ಹೊಸತೇನೂ ಕೊಡದೆ ಮಲ ನೋಡಿ. ಸಡಿಲ ಆದರೆ ಹಣ್ಣು ನಿಲ್ಲಿಸಿ.

ಬಿಜೈ_ಅಂಗಳ:
ತೊಳೆಯುವುದು ಹೇಗೆ? ಪೇಟೆಯ ಹಣ್ಣಿಗೆ ಏನೇನೋ ಹೊಡೆದಿರ್ತಾರೆ.

ಬ್ರಹ್ಮಾವರ_ತೋಟ:
1 ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ, ಅಂದ್ರೆ ಸಮ ಮಾಡಿದ ಎರಡು ಟೀ ಚಮಚ. 15 ನಿಮಿಷ ನೆನೆಸಿ, ಆಮೇಲೆ ನಲ್ಲಿ ನೀರಲ್ಲಿ ಉಜ್ಜಿ ತೊಳೆಯಿರಿ. ಸಿಪ್ಪೆಯ ಒಳಗೆ ಇಳಿದದ್ದು ಇದರಿಂದ ಹೋಗುವುದಿಲ್ಲ, ಹಾಗಾಗಿ ಸಿಪ್ಪೆಯನ್ನೂ ತೆಗೆಯಿರಿ. ಕಾರ್ಬೈಡಿನಲ್ಲಿ ಹಣ್ಣು ಮಾಡುವುದಕ್ಕೆ ಕಾನೂನಿನ ನಿಷೇಧ ಉಂಟು, ಆದರೂ ಹೊರಗೆ ಒಂದೇ ಸಮ ಹಳದಿ, ಒಳಗೆ ಬಿಳಿ, ಪರಿಮಳವೇ ಇಲ್ಲದ ಮಾವು ಸಿಕ್ಕಿದರೆ ನಾಯಿಗೂ ಬೇಡ, ನಿಮಗೂ ಬೇಡ.

ಮಲ್ಪೆ_ಗಾಳಿ:
ಸೆಕೆಗೆ ಕಲ್ಲಂಗಡಿ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿ ಕೊಡುವವರು ತುಂಬ ಇದ್ದಾರೆ. ಕಲ್ಲಿನಂಥ ಚೌಕವನ್ನು ಕಚ್ಚಿದ್ರೆ ದವಡೆ ಹಲ್ಲು ಸೀಳಬಹುದು. ಬೀಜ ತೆಗೆದು ಮಿಕ್ಸಿಯಲ್ಲಿ ಅರೆದು, ತಟ್ಟೆಯಲ್ಲಿ ಬೆರಳು ದಪ್ಪಕ್ಕೆ ಹರಡಿ ಎರಡು ಗಂಟೆ ಇಟ್ಟರೆ ಚಮಚದಲ್ಲಿ ಕೆರೆಯುವ ಹಾಗೆ ಆಗ್ತದೆ. ಅಷ್ಟು ಹದ ಸಾಕು. ಬೊಂಡದ ಗಂಜಿ ಕೊಡಬಹುದಾ ಮೇಡಂ?

ಪಶುವೈದ್ಯೆ_ಉಡುಪಿ:
ಲೋಳೆಯಂಥ ಎಳತು ಗಂಜಿ 10 ಕೆಜಿಯ ನಾಯಿಗೆ ಒಂದು ಚಮಚ, ಆರೋಗ್ಯವಾಗಿದ್ದರೆ ಮಾತ್ರ. ಗಟ್ಟಿಯಾದ ಕಾಯಿಯಲ್ಲಿ ಮೂರನೇ ಒಂದು ಪಾಲು ಕೊಬ್ಬು, ಅದು ಬೇಡ. ಬೊಂಡದ ಚಿಪ್ಪನ್ನು ಆಡ್ಲಿಕ್ಕೂ ಕೊಡಬೇಡಿ. ನಾರು ಕಿತ್ತು ನುಂಗಿದರೆ ಕರುಳಲ್ಲಿ ಹಗ್ಗದ ಹಾಗೆ ಸುತ್ತಿಕೊಳ್ತದೆ.

ಬಿಜೈ_ಅಂಗಳ:
ಗೊತ್ತಾಯ್ತು ಮೇಡಂ. ಗ್ರಾಂ ಲೆಕ್ಕವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು, ಹುಳಿ ಉಂಡೆಯ ಭರಣಿ ಮೇಲಿನ ಅಟ್ಟಕ್ಕೆ.